ಮೊದಲು ಚರ್ಚು, ಆಮೇಲೆ ಗ್ರಂಥಾಲಯ: 1:50 ಅಳತೆಯ ಒಂದು ಮಾದರಿ

ನನ್ನ ಮೊದಲ ಮಾದರಿ ಅಲಮಾರಿಯ ಮೇಲೆ ಧೂಳು ತಿನ್ನುತ್ತಾ ಕೂತಿದೆ. ಹಳೇ ಚರ್ಚೊಂದು ಊರಿನ ಗ್ರಂಥಾಲಯವಾದರೆ ಹೇಗಿರುತ್ತದೆ ಅಂತ ಕಲ್ಪಿಸಿಕೊಂಡು ಕಟ್ಟಿದ್ದು. ಚೂಪು ಕಮಾನು ಇತ್ತು, ಗಂಟೆಗೋಪುರ ಇತ್ತು, ಒಳಗೆ ಸಾಲು ಸಾಲು ಕಪಾಟು ಇತ್ತು. ನೋಡಿದವರು ಮಾತ್ರ "ಚೆನ್ನಾಗಿದೆ, ಯಾವುದೋ ಹಳೇ ಕಾಲೇಜಿನ ಲೈಬ್ರರಿನಾ?" ಅಂತ ಕೇಳಿದರು. ಒಬ್ಬರಲ್ಲ, ಮೂವರು.

ತಪ್ಪು ಎಲ್ಲಾಯಿತು ಅಂತ ಗೊತ್ತಾಗಲು ಸುಮಾರು ದಿನ ಬೇಕಾಯಿತು. ನಾನು ಶುರುವಿನಿಂದಲೇ ಗ್ರಂಥಾಲಯ ಕಟ್ಟಿದ್ದೆ. ಅದಕ್ಕೆ ಚರ್ಚಿನ ಅಂಗಿ ತೊಡಿಸಿದ್ದೆ, ಅಷ್ಟೇ. ಅಲ್ಲಿ ಯಾರೂ ಯಾವತ್ತೂ ಮೊಣಕಾಲೂರಿರಲಿಲ್ಲ. ಯಾರೂ ಬೆಂಚು ಎಳೆದಾಡಿರಲಿಲ್ಲ. ಮೇಣದಬತ್ತಿಯ ಹೊಗೆ ಗೋಡೆಗೆ ಹತ್ತಿರಲಿಲ್ಲ. ಹಾಗಾಗಿ ಈ ಸಲ ಒಂದೇ ನಿಯಮ ಇಟ್ಟುಕೊಂಡೆ. ಮೊದಲು ಪೂರ್ತಿ ಚರ್ಚು ಕಟ್ಟಬೇಕು. ಬೆಂಚು, ಬಲಿಪೀಠ, ಬಣ್ಣದ ಗಾಜು ಎಲ್ಲ ಹಾಕಬೇಕು. ಅದನ್ನು ಹಳೇದು ಮಾಡಬೇಕು. ಆಮೇಲೆ ಬಿಚ್ಚಿ ಗ್ರಂಥಾಲಯ ಮಾಡಬೇಕು. ಕೆಲಸ ಎರಡರಷ್ಟಾಯಿತು. ಒಟ್ಟು 14 ವಾರ ಹಿಡಿಯಿತು.

ಅಳತೆ 1:50. ಅಂದರೆ ನಿಜದ ಒಂದು ಮೀಟರು ಇಲ್ಲಿ 20 ಮಿ.ಮೀ. ರೈಲು ಮಾದರಿ ಮಾಡುವವರು ಬಳಸುವ 1:87ರಲ್ಲಿ ಕಟ್ಟಿದರೆ ಮೇಜಿನ ಮೇಲೆ ಜಾಗ ಉಳಿಯುತ್ತಿತ್ತು, ನಿಜ. ಆದರೆ ಅದರಲ್ಲಿ ಪುಸ್ತಕದ ಎತ್ತರ 3 ಮಿ.ಮೀ.ಗೂ ಕಡಿಮೆ. ನನ್ನ ಕಣ್ಣಿಗೆ ಅದು ಆಗದ ಕೆಲಸ. ಚರ್ಚಿನ ಒಳ ಅಳತೆ 24 ಮೀಟರ್ ಉದ್ದ, 10 ಮೀಟರ್ ಅಗಲ ಅಂತ ಇಟ್ಟುಕೊಂಡೆ. ಮಾದರಿಯಲ್ಲಿ 480 ಮತ್ತು 200 ಮಿ.ಮೀ. ಗೋಡೆಯ ಎತ್ತರ 140. ವಾಯವ್ಯ ಮೂಲೆಗೆ ಅಂಟಿಕೊಂಡಂತೆ ಚೌಕ ಗೋಪುರ, 80 ಮಿ.ಮೀ. ಅಗಲ, 360 ಎತ್ತರ. ಬಲಿಪೀಠ ಪೂರ್ವಕ್ಕೆ, ದೊಡ್ಡ ಬಾಗಿಲು ಪಶ್ಚಿಮಕ್ಕೆ. ಹಳೇ ಚರ್ಚುಗಳು ಸಾಮಾನ್ಯವಾಗಿ ಹೀಗೇ ಕೂತಿರುತ್ತವೆ. ಈ ದಿಕ್ಕಿನ ವಿಚಾರ ಆಮೇಲೆ ಬಹಳ ಉಪಯೋಗಕ್ಕೆ ಬಂತು.

ಗೋಡೆಗೆ 15 ಮಿ.ಮೀ. ದಪ್ಪದ ಗಟ್ಟಿ ಫೋಮ್ ಶೀಟು, ಎಕ್ಸ್‌ಪಿಎಸ್ ಅನ್ನುತ್ತಾರಲ್ಲ, ಅದು. ಬಿಳಿ ಥರ್ಮೋಕೋಲ್ ಬೇಡ. ಕತ್ತರಿಸಿದರೆ ಕಾಳು ಕಾಳಾಗಿ ಉದುರುತ್ತದೆ. ಎಕ್ಸ್‌ಪಿಎಸ್ ಬೆಣ್ಣೆ ಹಾಗೆ ಕೊಯ್ಯುತ್ತದೆ, ಬ್ಲೇಡು ಹೊಸದಿದ್ದರೆ. ಬ್ಲೇಡು ಮೊಂಡಾದ ಕೂಡಲೇ ಅಂಚು ಹರಿಯುತ್ತದೆ. ನಾನು ಗೋಡೆಗೊಂದು ಬ್ಲೇಡು ಮುರಿದೆ. 15 ಮಿ.ಮೀ. ಅಂದರೆ ನಿಜದಲ್ಲಿ 75 ಸೆಂ.ಮೀ. ಕಲ್ಲಿನ ಗೋಡೆಗೆ ಒಪ್ಪುವ ದಪ್ಪ. ಕಿಟಕಿಯ ಪಕ್ಕೆ ಆಳವಾಗಿ ಕಾಣುತ್ತದೆ. ತೆಳ್ಳಗಿನ ರಟ್ಟಿನಲ್ಲಿ ಈ ಆಳ ಬರುವುದಿಲ್ಲ, ಕಟ್ಟಡ ಶುಭಾಶಯ ಪತ್ರದ ಹಾಗೆ ಕಾಣುತ್ತದೆ.

ಚೂಪು ಕಮಾನು ಬಿಡಿಸುವುದು ಕಷ್ಟ ಅಂತ ಹೆದರುವವರು ಇದ್ದಾರೆ. ಕೈವಾರ ಇದ್ದರೆ ಸಾಕು. ಕಿಟಕಿಯ ಅಗಲ 24 ಮಿ.ಮೀ. ಅಂತಿಟ್ಟುಕೊಳ್ಳಿ. ಕಮಾನು ಶುರುವಾಗುವ ಮಟ್ಟದಲ್ಲಿ ಒಂದು ಅಡ್ಡಗೆರೆ ಎಳೆಯಿರಿ. ಕೈವಾರವನ್ನು 24ಕ್ಕೇ ತೆರೆಯಿರಿ. ಎಡ ತುದಿಯಲ್ಲಿ ಮುಳ್ಳೂರಿ ಬಲದಿಂದ ಮೇಲಕ್ಕೆ ಒಂದು ಕಮಾನುಗೆರೆ, ಬಲ ತುದಿಯಲ್ಲಿ ಊರಿ ಎಡದಿಂದ ಇನ್ನೊಂದು. ಎರಡೂ ಸೇರುವಲ್ಲಿ ಚೂಪು. ಎತ್ತರ ಯಾವಾಗಲೂ ಅಗಲದ 0.866ರಷ್ಟು, ಇಲ್ಲಿ ಸುಮಾರು 21 ಮಿ.ಮೀ. ಮುಳ್ಳನ್ನು ಇನ್ನೂ ಹೊರಕ್ಕೆ ಊರಿ ಕೈವಾರ ಅಗಲಿಸಿದರೆ ಕಮಾನು ಈಟಿಯ ಮೊನೆಯಂತಾಗುತ್ತದೆ. ಒಳಕ್ಕೆ ತಂದರೆ ಮೊಂಡಾಗುತ್ತದೆ. ಒಂದೊಂದು ಗೋಡೆಗೆ ಐದು ಕಿಟಕಿ. ನಡುನಡುವೆಯೂ ಎರಡು ತುದಿಗೂ ಆಸರೆಗೋಡೆ, ಎರಡು ಬದಿ ಸೇರಿ ಹನ್ನೆರಡು. ಈ ಆಸರೆಗೋಡೆ ಬರೀ ಅಲಂಕಾರವಲ್ಲ. ಕಮಾನಿನ ಚಾವಣಿ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ, ಇವು ಒಳಕ್ಕೆ ಒತ್ತಿ ನಿಲ್ಲುತ್ತವೆ. ನನ್ನ ಚರ್ಚಿನ ಮೇಲಿರುವುದು ಬರೀ ಮರದ ಮಾಡು. ಅಷ್ಟೊಂದು ಆಸರೆ ಬೇಕಿರಲಿಲ್ಲ. ಚೆಂದ ಕಾಣುತ್ತದೆ ಅಂತ ಹಾಕಿದೆ, ಒಪ್ಪಿಕೊಳ್ಳುತ್ತೇನೆ.

ಕಲ್ಲುಗಳನ್ನು ರೀಫಿಲ್ ಮುಗಿದ ಬಾಲ್‌ಪೆನ್ನಿನಲ್ಲಿ ಫೋಮಿಗೆ ಒತ್ತಿ ಬಿಡಿಸಿದೆ. ಒಂದು ವರಸೆ 5 ಮಿ.ಮೀ., ಮುಂದಿನದು 6. ಒಂದೇ ಅಳತೆ ಮಾಡಿದರೆ ಬಾತ್‌ರೂಮ್ ಟೈಲ್ಸ್ ಥರ ಆಗುತ್ತದೆ. ಸಂದು ಒಂದರ ಮೇಲೊಂದು ಬರದ ಹಾಗೆ ನೋಡಿಕೊಳ್ಳಬೇಕು. ಆಮೇಲೆ ಅಲ್ಯೂಮಿನಿಯಂ ಫಾಯಿಲನ್ನು ಮುದ್ದೆ ಮಾಡಿ ಗೋಡೆಯ ಮೇಲೆ ಉರುಳಿಸಿದರೆ ಕಲ್ಲಿನ ಒರಟು ತಾನಾಗಿ ಬರುತ್ತದೆ.

ಇಲ್ಲೊಂದು ಎಚ್ಚರಿಕೆ. ಸ್ಪ್ರೇ ಪೇಂಟನ್ನು ನೇರವಾಗಿ ಹೊಡೆಯಬೇಡಿ. ಅದರಲ್ಲಿರುವ ದ್ರಾವಕ ಫೋಮನ್ನು ಕರಗಿಸಿಬಿಡುತ್ತದೆ. ಗೊತ್ತಿದ್ದೂ ನಾನು ಗೋಪುರದ ಒಂದು ಬದಿಗೆ ಹೊಡೆದೆ. ಫೋಮಿನ ರಕ್ಷಣೆಗೆ ಬಳಿದಿದ್ದ ಅಂಟಿನ ಲೇಪ ಒಣಗಿದೆ ಅಂದುಕೊಂಡಿದ್ದೆ. ಎರಡು ಕಲ್ಲು ಕಣ್ಣೆದುರೇ ಒಳಕ್ಕೆ ಕುಸಿದವು. ಅದನ್ನು ತೆಗೆಯಲಿಲ್ಲ. ಗೋಪುರಕ್ಕೆ ಸಿಡಿಲು ಬಡಿದಿತ್ತು ಅಂತ ನನ್ನ ಚರ್ಚಿನ ಚರಿತ್ರೆಯಲ್ಲಿ ಸೇರಿಸಿಕೊಂಡೆ.

ಬಿಳಿ ಅಂಟಿಗೆ ಕಪ್ಪು ಬಣ್ಣ ಕಲಸಿ ಮೊದಲ ಲೇಪ. ಅದರ ಮೇಲೆ ಬೂದು. ಬ್ರಷ್ಷನ್ನು ಬಟ್ಟೆಗೆ ಒರೆಸಿ ಒರೆಸಿ, ಹೆಚ್ಚುಕಮ್ಮಿ ಒಣಗಿದ ಮೇಲೆ, ತಿಳಿ ಬೂದುಬಣ್ಣವನ್ನು ಕಲ್ಲಿನ ಅಂಚುಗಳಿಗೆ ಸವರಿದೆ. ಅಲ್ಲೊಂದು ಇಲ್ಲೊಂದು ಕಲ್ಲಿಗೆ ಮಣ್ಣಿನ ಬಣ್ಣ.

ಮಾಡಿನ ಕತೆ ಕೇಳಿ. ಇಳಿಜಾರಿನ ಉದ್ದ ಲೆಕ್ಕ ಹಾಕಿದೆ. ಅರ್ಧ ಅಗಲ 100, ಎತ್ತರ 120, ಹಾಗಾದರೆ 156 ಮಿ.ಮೀ. ಎರಡು ಹಲಗೆ ಕೊಯ್ದು, ಅದರ ಮೇಲೆ ರಟ್ಟಿನ ಪಟ್ಟಿಯ ಹೆಂಚುಗಳನ್ನು ಕೆಳಗಿನಿಂದ ಮೇಲಕ್ಕೆ ಒಂದರ ಮೇಲೊಂದು ಅರ್ಧ ಮುಚ್ಚುವಂತೆ ಅಂಟಿಸಿದೆ. ನಾಲ್ಕು ಸಂಜೆಯ ಕೆಲಸ. ಗೋಡೆ ಮೇಲೆ ಇಟ್ಟು ನೋಡಿದರೆ ನೆತ್ತಿಯಲ್ಲಿ ಬೆರಳು ತೂರುವಷ್ಟು ಬಿರುಕು! ಗೋಡೆಯ ದಪ್ಪವನ್ನು ಮರೆತಿದ್ದೆ. ಅರ್ಧ ಅಗಲ 100 ಅಲ್ಲ, 115. ಬೇಕಾದದ್ದು 166. ಹತ್ತು ಮಿ.ಮೀ.ಗೆ ನಾಲ್ಕು ಸಂಜೆ ಹೋಯಿತು. ಹೊಸ ಮಾಡನ್ನು ಅಂಟಿಸಿಲ್ಲ. ನಾಲ್ಕು ಮೂಲೆಗೆ ಆಯಸ್ಕಾಂತದ ಬಿಲ್ಲೆ ಇಟ್ಟಿದ್ದೇನೆ. ಎತ್ತಿ ಒಳಗೆ ನೋಡಬಹುದು.

ಈಗ ಒಳಗೆ. ನೆಲ ದಪ್ಪ ರಟ್ಟು, ಹಾಸುಗಲ್ಲಿನ ಗೆರೆ ಕೊರೆದದ್ದು. ಬೆಂಚಿಗೆ ಐಸ್‌ಕ್ರೀಮ್ ಕಡ್ಡಿ ಬಳಸೋಣ ಅಂತ ಎಲ್ಲರಿಗೂ ಅನಿಸುತ್ತದೆ. ಅದರ ದಪ್ಪ 2 ಮಿ.ಮೀ., ಅಂದರೆ ಹತ್ತು ಸೆಂ.ಮೀ. ದಪ್ಪದ ಹಲಗೆ. ಆನೆ ಕೂರುವ ಬೆಂಚಾಗುತ್ತದೆ. ಅರ್ಧ ಮಿ.ಮೀ.ನ ವೆನೀರ್, ಅಂದರೆ ತೆಳ್ಳಗೆ ಸೀಳಿದ ಮರದ ಹಾಳೆ, ಸರಿಯಾಯಿತು. ಎರಡು ಸಾಲಿನಲ್ಲಿ ಇಪ್ಪತ್ತು ಬೆಂಚು. ಪ್ರತಿಯೊಂದನ್ನೂ ಒಂದು ಹನಿ ಅಂಟಿನಿಂದ ಮಾತ್ರ ಕೂರಿಸಿದೆ, ಮುಂದೆ ಕೀಳಬೇಕಲ್ಲ.

ಈಗ ಚರ್ಚು ಪೂರ್ತಿಯಾಗಿತ್ತು. ಸುಮ್ನೆ ಎರಡು ವಾರ ಮೇಜಿನ ಮೇಲೆ ಬಿಟ್ಟೆ. ಬಂದವರಿಗೆ "ಇದು ಚರ್ಚು" ಅಂತಲೇ ಹೇಳಿದೆ. ಯಾರೂ ಕಾಲೇಜು ಅನ್ನಲಿಲ್ಲ.

ಹಳೇದು ಮಾಡುವ ಕೆಲಸ ಬೆಂಚು ಇದ್ದಾಗಲೇ ಆಗಬೇಕು. ಗುಟ್ಟು ಇರುವುದೇ ಇಲ್ಲಿ. ತೆಳು ಕಂದು ಬಣ್ಣವನ್ನು ನೀರಿನಂತೆ ಕಲಸಿ ಇಡೀ ನೆಲಕ್ಕೆ ಹರಿಯಬಿಟ್ಟೆ. ಬೆಂಚಿನ ಅಡಿಯೊಂದನ್ನು ಬಿಟ್ಟು ಎಲ್ಲ ಕಡೆ ಹೋಯಿತು. ಒಣಗಿದ ಮೇಲೆ ನಡುವಿನ ದಾರಿಯನ್ನು ಉಪ್ಪುಕಾಗದದಿಂದ ಉಜ್ಜಿದೆ. ಬಾಗಿಲ ಹತ್ತಿರ ಅಗಲವಾಗಿ, ಬಲಿಪೀಠದ ಹತ್ತಿರ ಸಣ್ಣಗೆ. ಜನ ಒಳಗೆ ಬರುವಾಗ ಗುಂಪು, ಮುಂದೆ ಹೋದಂತೆ ಸಾಲು ಅಲ್ವಾ? ಹೊಸ್ತಿಲ ಕಲ್ಲಿನ ನಡುವೆ ತುಸು ಗುಳಿ. ಮೇಣದಬತ್ತಿ ನಿಲ್ಲಿಸುವ ಜಾಗದ ಮೇಲೆ ಪೆನ್ಸಿಲ್ ಪುಡಿಯನ್ನು ಬೆರಳಲ್ಲಿ ಒರೆಸಿ ಹೊಗೆಯ ನಾಲಗೆ ಮಾಡಿದೆ.

ಆಮೇಲೆ ಒಂದು ಭಾನುವಾರ ಚಿಮ್ಮಟ ಹಿಡಿದು ಬೆಂಚುಗಳನ್ನು ಒಂದೊಂದಾಗಿ ಎಬ್ಬಿಸಿದೆ. ಪ್ರತಿ ಬೆಂಚಿನ ಕೆಳಗೂ ಒಂದು ತಿಳಿ ಪಟ್ಟಿ. ಕಂದು ನೆಲದಲ್ಲಿ ಇಪ್ಪತ್ತು ಬಿಳಿಚಿದ ಪಟ್ಟಿಗಳು. ಹಳೇ ಮನೆಯಲ್ಲಿ ಕ್ಯಾಲೆಂಡರ್ ತೆಗೆದ ಜಾಗ ಹೇಗಿರುತ್ತದೋ ಹಾಗೆ. ಬ್ರಷ್ಷಿನಲ್ಲಿ ಬಿಡಿಸಿ ಇದನ್ನು ತರಲು ಆಗುವುದಿಲ್ಲ. ನಾನು ಮೊದಲ ಮಾದರಿಯಲ್ಲಿ ಪ್ರಯತ್ನಿಸಿದ್ದೆ, ಅಂಚು ತೀರಾ ನೀಟಾಗಿ ಬಂದಿತ್ತು. ಇಲ್ಲಿ ಬಣ್ಣ ಕೆಲವು ಕಡೆ ಬೆಂಚಿನ ಅಡಿಗೆ ನುಸುಳಿದೆ, ಎರಡು ಕಡೆ ಅಂಟಿನ ಜೊತೆ ರಟ್ಟಿನ ಸಿಪ್ಪೆ ಎದ್ದಿದೆ. ಅದೇ ಚೆನ್ನ.

ಗೋಡೆಯ ಮೇಲಿದ್ದ ಶಿಲುಬೆಯನ್ನೂ ಹೀಗೇ ತೆಗೆದೆ. ಅದರ ನೆರಳಿನಂಥ ಗುರುತು ಉಳಿಯಿತು. ಅದಕ್ಕೆ ಬಣ್ಣ ಹೊಡೆದು ಮುಚ್ಚಲು ಮನಸ್ಸಾಗಲಿಲ್ಲ.

ಬಿಚ್ಚಿದ್ದಾಯಿತು, ಇನ್ನು ಏನನ್ನು ಹೇಗೆ ಇಡುವುದು? ನಿಜವಾಗಿ ಹೀಗೆ ಬದಲಾದ ಕಟ್ಟಡಗಳ ಬಗ್ಗೆ ಓದಿದೆ. ನೆದರ್ಲ್ಯಾಂಡ್ಸಿನ ಮಾಸ್ಟ್ರಿಕ್ಟ್‌ನಲ್ಲಿ 1294ರ, ಡೊಮಿನಿಕನ್ ಪಂಥದ ಸನ್ಯಾಸಿಗಳ ಚರ್ಚೊಂದಿದೆ. ಒಂದು ಕಾಲದಲ್ಲಿ ಸೈಕಲ್ ನಿಲ್ಲಿಸುವ ಜಾಗವೂ ಆಗಿತ್ತು. 2006ರಲ್ಲಿ ಪುಸ್ತಕದ ಅಂಗಡಿಯಾಯಿತು. ಒಳಗೆ ಮಹಡಿ ಮಹಡಿಯಾಗಿ ಎದ್ದ ಒಂದು ದೊಡ್ಡ ಕಪ್ಪು ಉಕ್ಕಿನ ಕಪಾಟು, ಹತ್ತಿ ಓಡಾಡಬಹುದಾದದ್ದು. ಅದು ತನ್ನ ಕಾಲ ಮೇಲೆ ತಾನು ನಿಂತಿದೆ. ಅದೇ ದೇಶದ ವುಖ್ಟ್ ಊರಿನ ಚರ್ಚು 2018ರಲ್ಲಿ ಗ್ರಂಥಾಲಯವಾದಾಗ ಕಪಾಟುಗಳನ್ನು ಹಳಿಯ ಮೇಲೆ ಇಟ್ಟರು. ಕಾರ್ಯಕ್ರಮ ಇದ್ದ ದಿನ ಪಕ್ಕಕ್ಕೆ ತಳ್ಳಿದರೆ ನಡುಭಾಗ ಖಾಲಿ. ಇನ್ನೊಂದು ಕಡೆ ಪ್ಯಾರಿಸ್ಸಿನ ಪಾಂಥಿಯಾನ್. ಚರ್ಚು ಅಂತ ಕಟ್ಟಿದ್ದನ್ನು 1791ರಲ್ಲಿ ದೇಶದ ದೊಡ್ಡವರ ಸಮಾಧಿ ಮಂದಿರ ಮಾಡಿದರು. ಒಳಗೆ ಗಂಭೀರ ಮಬ್ಬು ಬೇಕು ಅಂತ ಕೆಳಗಿನ ಕಿಟಕಿಗಳನ್ನು ಕಲ್ಲಿಟ್ಟು ಮುಚ್ಚಿದರು. ಸಮಾಧಿಗೆ ಕತ್ತಲು ಸರಿ. ಓದುವವರಿಗೆ?

ಅಲ್ಲಿಂದ ಕಿಟಕಿಯ ತಲೆನೋವು ಶುರು. ನನ್ನ ಹತ್ತೂ ಕಿಟಕಿಗೆ ಪಾರದರ್ಶಕ ಶೀಟಿನ ಮೇಲೆ ಮಾರ್ಕರಿನಲ್ಲಿ ಬಿಡಿಸಿದ ಬಣ್ಣದ ಗಾಜು ಹಾಕಿದ್ದೆ. ಟಾರ್ಚನ್ನು ಹೊರಗಿಂದ ಬಿಟ್ಟು, ಒಳಗೆ ಓದುವ ಮೇಜಿನ ಜಾಗದಲ್ಲಿ ಒಂದು ಚೂರು ಬಿಳಿ ಕಾಗದ ಇಟ್ಟೆ. ಅರ್ಧ ಕೆಂಪು, ಅರ್ಧ ನೀಲಿ. ಅದರ ಮೇಲೆ ಓದುವುದು ಹೇಗೆ? ಕೊನೆಗೆ ಕಮಾನಿನ ಭಾಗದಲ್ಲಿ ಮಾತ್ರ ಬಣ್ಣ ಉಳಿಸಿ ಕೆಳಗಿನ 60 ಮಿ.ಮೀ. ಕತ್ತರಿಸಿ ಬಣ್ಣವಿಲ್ಲದ ಶೀಟು ಹಾಕಿದೆ. ಆತುರದಲ್ಲಿ ಎರಡಕ್ಕೆ ಸೂಪರ್ ಗ್ಲೂ ಬಳಸಿದೆ. ಬೆಳಗ್ಗೆ ಎದ್ದು ನೋಡಿದರೆ ಆ ಎರಡೂ ಕಿಟಕಿಗೆ ಮಂಜು ಕವಿದಿತ್ತು. ಆ ಅಂಟಿನ ಆವಿ ಪಾರದರ್ಶಕ ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ. ಎರಡನ್ನೂ ಬದಲಿಸಬೇಕಾಯಿತು. ಕಿಟಕಿಗೆ ಬಿಳಿ ಅಂಟೇ ಸಾಕು. ನಿಧಾನ, ಆದರೆ ಒಣಗಿದರೆ ಕಾಣುವುದಿಲ್ಲ.

ದಿಕ್ಕು ನೆರವಿಗೆ ಬಂದದ್ದು ಇಲ್ಲಿಯೇ. ಭೂಮಧ್ಯರೇಖೆಯಿಂದ ಸಾಕಷ್ಟು ಉತ್ತರಕ್ಕಿರುವ ಊರಿನಲ್ಲಿ ಬಿಸಿಲು ದಕ್ಷಿಣದ ಕಿಟಕಿಯಿಂದ ಬರುತ್ತದೆ. ಬಿಸಿಲಿಗೆ ಪುಸ್ತಕದ ಬೆನ್ನಿನ ಬಣ್ಣ ಹಾರುತ್ತದೆ, ಕಾಗದ ಹಳದಿಯಾಗುತ್ತದೆ. ಹಾಗಾಗಿ ಕಪಾಟು ಉತ್ತರಕ್ಕೆ, ಮೇಜು ದಕ್ಷಿಣಕ್ಕೆ. ಮೇಜಿಗೆ ಕೂರಲು ಕಿತ್ತ ಬೆಂಚುಗಳೇ.

ಉತ್ತರದ ಗೋಡೆಯ ಪಕ್ಕ ಒಂದು ಅಟ್ಟ ಕಟ್ಟಿದೆ. ಗೋಡೆಯಿಂದ 10 ಮಿ.ಮೀ., ಅಂದರೆ ಅರ್ಧ ಮೀಟರು ದೂರ. ಎಲ್ಲೂ ತಾಗಿಲ್ಲ. ಎರಡು ಮಿ.ಮೀ.ನ ಹಿತ್ತಾಳೆ ಕಡ್ಡಿಗಳು ಕಂಬ. ನೆಲದಿಂದ 52 ಮಿ.ಮೀ. ಎತ್ತರ, 80 ಅಗಲ, ಕೆಳಗೆ ಕಪಾಟು, ಮೇಲೂ ಕಪಾಟು. ನಾಳೆ ಊರಿನವರು ಗ್ರಂಥಾಲಯ ಬೇಡ ಅಂದರೆ ಅಟ್ಟವನ್ನು ಎತ್ತಿ ಹೊರಗಿಡಬಹುದು, ಗೋಡೆಗೆ ಒಂದು ಮೊಳೆಯ ಗುರುತೂ ಇರುವುದಿಲ್ಲ. ಮೆಟ್ಟಿಲು ಹದಿನಾರು, ಒಂದೊಂದು 3.25 ಮಿ.ಮೀ. ಎತ್ತರ. ಮಾಡುವಾಗ ಬೇಸರದಿಂದ ಎರಡು ಸಲ ಎದ್ದು ಹೋದೆ.

ಮೆಟ್ಟಿಲು ಹತ್ತಲಾಗದವರು? ಲಿಫ್ಟು ಬೇಕೇ ಬೇಕು. ಜಾಗ ಒಂದೇ: ಗೋಪುರ. ಗೋಪುರದ ಒಳಗೆ ಲಿಫ್ಟು, ಅಲ್ಲಿಂದ ಅಟ್ಟಕ್ಕೊಂದು ಪುಟ್ಟ ಸೇತುವೆ. ಅದಕ್ಕೆ ಗೋಡೆ ಕೊರೆಯಬೇಕು. 18 ಮಿ.ಮೀ. ಅಗಲ, 42 ಎತ್ತರದ ಬಾಗಿಲು. ಬಣ್ಣ ಬಳಿದು, ಹಳೇದು ಮಾಡಿ, ಕಲ್ಲು ಕಲ್ಲಾಗಿ ಒತ್ತಿದ ಗೋಡೆ ಅದು. ಎರಡು ದಿನ ಬ್ಲೇಡು ಹಿಡಿದು ಪೆನ್ಸಿಲ್ ಗೆರೆ ನೋಡುತ್ತಾ ಕೂತೆ. ಗೆರೆಯನ್ನು ಒಂದು ಸಲ ಅಳಿಸಿ ಅರ್ಧ ಕಲ್ಲಿನಷ್ಟು ಪಕ್ಕಕ್ಕೆ ಸರಿಸಿದೆ, ಸಂದಿಗೆ ಸಂದು ಕೂಡಲಿ ಅಂತ. ಕೊನೆಗೆ ಕೊಯ್ದೆ. ಒಳಗಿನ ಫೋಮು ತಿಳಿನೀಲಿ ಬಣ್ಣದ್ದು. ಬೂದು ಕಲ್ಲಿನ ನಡುವೆ ಆ ನೀಲಿ ಹಸಿ ಗಾಯದ ಹಾಗೆ ಕಂಡಿತು. ಹಳೇ ಕಲ್ಲಿನಂತೆ ಬಣ್ಣ ಹೊಡೆಯಬಹುದಿತ್ತು. ಬೇಡ ಅಂತ ಕೊರೆದ ಅಂಚಿಗೆ ತೆಳು ಉಕ್ಕಿನ ಬಣ್ಣದ ಚೌಕಟ್ಟು ಹಾಕಿದೆ. ಹೊಸದು ಹೊಸದಾಗಿಯೇ ಕಾಣಲಿ.

ರ‍್ಯಾಂಪ್ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ದೊಡ್ಡ ಬಾಗಿಲಿಗೆ ಮೂರು ಮೆಟ್ಟಿಲು, ಒಟ್ಟು 45 ಸೆಂ.ಮೀ. ಎತ್ತರ. ಪಕ್ಕದಲ್ಲಿ ಚೂರು ಇಳಿಜಾರು ಇಟ್ಟರಾಯಿತು ಅಂದುಕೊಂಡೆ. ಗಾಲಿಕುರ್ಚಿಗೆ ಸಾಮಾನ್ಯವಾಗಿ ಪಾಲಿಸುವ ಇಳಿಜಾರು 1:12. 45 ಸೆಂ.ಮೀ.ಗೆ 5.4 ಮೀಟರು ಉದ್ದ ಬೇಕು. ಮಾದರಿಯಲ್ಲಿ 108 ಮಿ.ಮೀ. ನನ್ನ ಅಡಿಹಲಗೆಯಲ್ಲಿ ಉಳಿದಿದ್ದ ಜಾಗ 70. ಮಧ್ಯದಲ್ಲಿ 30 ಮಿ.ಮೀ.ನ ಸಮತಟ್ಟು ಜಾಗ ಬಿಟ್ಟು, ತಿರುಗಿಸಿ ಹಿಂದಕ್ಕೆ ತಂದೆ. ಅಷ್ಟಾಗಿಯೂ ಅಡಿಹಲಗೆಗೆ ಒಂದು ತುಂಡು ಸೇರಿಸಬೇಕಾಯಿತು. ಆ ಜೋಡಣೆ ಹುಲ್ಲಿನ ಕೆಳಗೆ ಮುಚ್ಚಿದೆ, ಹುಡುಕಬೇಡಿ.

ನನ್ನ ತಂಗಿ ಗ್ರಂಥಾಲಯದಲ್ಲೇ ಕೆಲಸ ಮಾಡುತ್ತಾಳೆ. ಈ ಹಂತದಲ್ಲಿ ಅವಳನ್ನು ಕರೆದು ತೋರಿಸಿದೆ. ಪುಸ್ತಕ ಕೊಡುವ ಕೌಂಟರನ್ನು ಬಲಿಪೀಠದ ಜಾಗದಲ್ಲಿ ಇಟ್ಟಿದ್ದೆ. ಎತ್ತರದ ವೇದಿಕೆ, ಹಿಂದೆ ದೊಡ್ಡ ಕಿಟಕಿ. ಫೋಟೊಗೆ ಬಹಳ ಚೆನ್ನಾಗಿ ಕಾಣುತ್ತಿತ್ತು.

"ಅಣ್ಣ, ಬಾಗಿಲು ಇರೋದೆಲ್ಲಿ?"

"ಆ ಕಡೆ."

"ನಾನು ಈ ಕಡೆ ಕೂತರೆ ಅಲ್ಲಿ ಯಾರು ಬಂದ್ರು, ಯಾರು ಪುಸ್ತಕ ಹಿಡ್ಕೊಂಡು ಹೋದ್ರು ಅಂತ ನಂಗೆ ಹೇಗೆ ಗೊತ್ತಾಗುತ್ತೆ? ಇಪ್ಪತ್ನಾಲ್ಕು ಮೀಟರ್ ದೂರ ಓಡ್ಲಾ?"

ಕೌಂಟರ್ ಬಾಗಿಲ ಹತ್ತಿರ ಬಂತು. ಬಲಿಪೀಠದ ವೇದಿಕೆ ಖಾಲಿಯಾಯಿತು. ಅಲ್ಲಿಗೆ ಹತ್ತುವ ಎರಡು ಮೆಟ್ಟಿಲ ಮೇಲೆ ಮಕ್ಕಳು ಕೂತು ಕತೆ ಕೇಳಲಿ ಅಂತ ಅವಳೇ ಹೇಳಿದಳು. ಅದಕ್ಕೂ ಒಂದು 72 ಮಿ.ಮೀ. ರ‍್ಯಾಂಪು! ಪಾಪನಿವೇದನೆಯ ಪೆಟ್ಟಿಗೆ ಈಗ ಫೋನಿನಲ್ಲಿ ಮಾತಾಡುವವರ ಗೂಡು. ನೆಲಕ್ಕೆ ಅಲ್ಲಲ್ಲಿ ಫೆಲ್ಟ್ ಬಟ್ಟೆಯ ಜಮಖಾನೆ, ಕಲ್ಲಿನ ಹಜಾರದಲ್ಲಿ ಕುರ್ಚಿ ಎಳೆದರೆ ಆ ಸದ್ದು ಮಾಡಿನವರೆಗೂ ಹೋಗುತ್ತದೆ ಅಂತ. ಬಿಳಿಚಿದ ಪಟ್ಟಿಗಳು ಮುಚ್ಚಿಹೋಗದ ಹಾಗೆ ನೋಡಿ ಹಾಸಿದ್ದೇನೆ.

ದೀಪ 21, ಬೆಚ್ಚನೆ ಬಿಳಿಯ ಎಲ್‌ಇಡಿ. 12 ವೋಲ್ಟ್ ಅಡಾಪ್ಟರು. ಒಂದೊಂದಕ್ಕೆ ಸುಮಾರು 3 ವೋಲ್ಟ್ ಬೇಕು, ಮೂರನ್ನು ಸರಣಿಯಲ್ಲಿ ಜೋಡಿಸಿದರೆ 9. ಉಳಿದ 3 ವೋಲ್ಟಿಗೆ 330 ಓಮ್ ರೆಸಿಸ್ಟರ್ ಹಾಕಿದರೆ 9 ಮಿಲಿಆಂಪಿಯರ್ ಹರಿಯುತ್ತದೆ. ಮಂದ ಬೆಳಕು, ಅದೇ ಬೇಕಿತ್ತು. ಹಚ್ಚಿದ ಕೂಡಲೇ ಗೋಡೆಯ ಮೂಲೆಗಳು ಹೊಳೆಯತೊಡಗಿದವು! ಸಂದಿಗಳಲ್ಲಿ ಫೋಮು ಬೆಳಕನ್ನು ಬಿಡುತ್ತದೆ. ಒಳಮೂಲೆಗಳಿಗೆಲ್ಲ ಕಪ್ಪು ಬಳಿದು ಅದರ ಮೇಲೆ ಸುಣ್ಣದ ಬಿಳಿ ಹೊಡೆದೆ. ಇದನ್ನು ಗೋಡೆ ನಿಲ್ಲಿಸುವ ಮೊದಲೇ ಮಾಡಿ.

ಪುಸ್ತಕಗಳನ್ನು ಮಾಡಿದ್ದು ಹಳೇ ಪತ್ರಿಕೆಗಳ ಬಣ್ಣದ ಪುಟದಿಂದ. ರಟ್ಟಿಗೆ ಅಂಟಿಸಿ, 5 ಮಿ.ಮೀ. ಪಟ್ಟಿ ಕತ್ತರಿಸಿ, ಬ್ಲೇಡಿನಿಂದ ಅಡ್ಡಡ್ಡ ಗೀರಿದರೆ ಒಂದು ಸಾಲು ಪುಸ್ತಕ. ತುದಿಗೆ ಒಂದೆರಡನ್ನು ಬಿಡಿಯಾಗಿ ಓರೆ ಒರಗಿಸಿದರೆ ಕಣ್ಣು ಉಳಿದದ್ದನ್ನೆಲ್ಲ ನಂಬುತ್ತದೆ. ಗೋಡೆಯ ಕಪಾಟು 36 ಮಿ.ಮೀ. ಎತ್ತರ, ಕಿಟಕಿಯ ಕೆಳಅಂಚು 40ರಲ್ಲಿ. ಈ ನಾಲ್ಕು ಮಿ.ಮೀ. ಕಾಕತಾಳೀಯವಾಗಿ ಸಿಕ್ಕಿದ್ದು.

ಗಂಟೆಯನ್ನು ತೆಗೆಯಲಿಲ್ಲ. ಮುಚ್ಚುವ ಹತ್ತು ನಿಮಿಷ ಮುಂಚೆ ಬಾರಿಸಲು ಇರಲಿ ಅಂತ.

ಮುಗಿಯಿತು ಅಂತ ಮಾಡು ಮುಚ್ಚಿದ ದಿನ ತಂಗಿ ಮತ್ತೆ ಬಂದಳು. ಸುತ್ತ ಒಂದು ಸುತ್ತು ಹಾಕಿ, ಬಗ್ಗಿ ಬಾಗಿಲು ನೋಡಿ, "ರಾತ್ರಿ ಪುಸ್ತಕ ವಾಪಸ್ ಹಾಕೋ ಡಬ್ಬಿ ಎಲ್ಲಿ?" ಅಂದಳು. ನಾಲ್ಕು ಬೆಂಚು ಮಿಕ್ಕಿದ್ದವು. ಒಂದನ್ನು ಕತ್ತರಿಸಿ, 12 ಮಿ.ಮೀ. ಅಗಲ, 20 ಎತ್ತರದ ಡಬ್ಬಿ ಮಾಡಿ ಮೇಲೊಂದು ಸೀಳು ಕೊರೆದೆ. ರ‍್ಯಾಂಪಿನ ತುದಿಯಲ್ಲಿ, ಬಾಗಿಲಿನ ಎಡಕ್ಕೆ ಅಂಟಿಸಿದ್ದೇನೆ. ಅಂಟು ಇನ್ನೂ ಒಣಗಿಲ್ಲ.